ಹಬ್ಬಕ್ಕೆ ಬರುವ ಗಂಡ, ಎಂಟು ತಿಂಗಳ ಮಗು

ಯಾದಗಿರಿ ಕಡೆಯ ಹಳ್ಳಿಯವಳು. ವಯಸ್ಸು 22. ಹೆಸರು, ಊರು ಬರೆಯುವುದಿಲ್ಲ. ಮಕ್ಕಳ ನಡುವೆ ಅಂತರ ಇಡುವ ಬಗ್ಗೆ ಮಾತಾಡಲು ಊರಿನ ಆಶಾ ಕಾರ್ಯಕರ್ತೆ ಅಕ್ಕ ನನ್ನ ಹತ್ತಿರ ಕರೆತಂದಿದ್ದರು, ಜೊತೆಗೆ ಅತ್ತೆಯೂ ಇದ್ದರು. ಕಂಕುಳಲ್ಲಿ 8 ತಿಂಗಳ ಹೆಣ್ಣುಮಗು. ತಾಯಿ ಕಾರ್ಡ್ ನೋಡಿದೆ. ದೊಡ್ಡ ಮಗಳಿಗೂ ಇವಳಿಗೂ ಅಂತರ ಬರೀ 15 ತಿಂಗಳು. ತಾಯಿಯ ಹಿಮೋಗ್ಲೋಬಿನ್ 8.6, ಅಂದರೆ ರಕ್ತ ಕಡಿಮೆ. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು.

“ಮನಿಯವರು ಬೆಂಗಳೂರಾಗ ಗಾರೆ ಕೆಲಸಕ್ಕ ಇರ್ತಾರ್ರೀ. ಹಬ್ಬಕ್ಕ ಬಂದು ಹದಿನೈದು ದಿನ ಇದ್ದು ಹೋಗ್ತಾರ. ಅಷ್ಟಕ್ಕ ಗುಳಿಗಿ ಯಾಕ್ರೀ? ಹಾಲೂ ಕುಡಸಾಕತ್ತೀನಿ, ಮುಟ್ಟೂ ಆಗಿಲ್ಲ.”

“ಈ ಮಗು ಹೊಟ್ಟೆಯಲ್ಲಿ ಯಾವಾಗ ನಿಂತಿದ್ದು?” ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದಳು. “ದಸರಾಕ್ಕ ಬಂದಾಗ...” ಅಲ್ಲಿಗೇ ಸುಮ್ಮನಾದಳು. ಯುಗಾದಿಗೆ ಇನ್ನು ಮೂರೇ ವಾರ ಇತ್ತು.

ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ ಎಂದು ನಂಬಬೇಕಾದರೆ ಮಗುವಿಗೆ 6 ತಿಂಗಳು ತುಂಬಿರಬಾರದು, ಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಶುರುವಾಗಿರಬಾರದು. ಈ ಮಗು ಆಗಲೇ ಗಂಜಿ ತಿನ್ನುತ್ತಿತ್ತು. ಮುಟ್ಟು ಬರುವ ಮೊದಲೇ ಗರ್ಭ ನಿಲ್ಲಬಹುದು ಎಂದು ಬಿಡಿಸಿ ಹೇಳಿದೆ.

ಅತ್ತೆಗೆ ಮೊಮ್ಮಗ ಬೇಕಿತ್ತು. ವಾದ ಮಾಡಲಿಲ್ಲ. “ನೀವೆಷ್ಟು ಹೆತ್ತಿರಮ್ಮಾ?” ಎಂದೆ. “ಏಳು ಹಡದೀನ್ರೀ, ನಾಕು ಉಳದಾವ. ಒಂದಕ್ಕ, ಹೊಟ್ಯಾಗ ಇನ್ನೊಂದೈತಂತ ಹಾಲು ಬಿಡಿಸಿದ್ದೆ. ಸೊರಗಿ ಹೋತು.” ಸೆರಗಿನ ತುದಿ ಸುತ್ತುತ್ತಾ ಕೂತರು. ನನಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದೆ: ಹೆರಿಗೆಯಾಗಿ ಕನಿಷ್ಠ 24 ತಿಂಗಳಾದ ಮೇಲೆ ಮುಂದಿನ ಗರ್ಭ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊಸೆಯ ರಕ್ತ ತುಂಬಬೇಕು, ಈ ಕೂಸಿಗೆ ಹಾಲು ಸಿಗಬೇಕು ಅಲ್ವಾ?

ಸೊಸೆ ಒಬ್ಬಳೇ ಇದ್ದಾಗ ಅವಳ ಜೊತೆ ಮಾತಾಡಿದೆ. ಯಾವುದು ಬೇಕೆಂದು ಆರಿಸುವುದು ನೀನೇ, ಗಂಡನ ಸಹಿ ಬೇಕಿಲ್ಲ ಎಂದೆ. ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಛಾಯಾ ಗುಳಿಗೆ, ನಿರೋಧ್, ಎಲ್ಲವನ್ನೂ ಮೇಜಿನ ಮೇಲಿಟ್ಟು ತೋರಿಸಿದೆ. ಕಾಪರ್-ಟಿಯಿಂದ ಕೆಲವರಿಗೆ ಮುಟ್ಟಿನ ರಕ್ತ ಜಾಸ್ತಿ ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಛಾಯಾ ಆರಿಸಿಕೊಂಡಳು. ಅದರಲ್ಲಿ ಹಾರ್ಮೋನ್ ಇಲ್ಲ, ಹಾಲುಣಿಸುವವರೂ ತಗೊಳ್ಳಬಹುದು. ಮೂತ್ರ ಪರೀಕ್ಷೆಯಲ್ಲಿ ಗರ್ಭ ಇಲ್ಲವೆಂದು ತಿಳಿದ ಮೇಲೆ, ಡಾಕ್ಟರ್ ನೋಡಿ ಕಬ್ಬಿಣದ ಗುಳಿಗೆ ಜೊತೆ ಛಾಯಾ ಬರೆದುಕೊಟ್ಟರು. ಛಾಯಾ ಮೊದಲ ಮೂರು ತಿಂಗಳು ವಾರದಲ್ಲಿ ಎರಡು ದಿನ ಒಂದೊಂದು, ಆಮೇಲೆ ವಾರಕ್ಕೆ ಒಂದು. ಹಬ್ಬಕ್ಕೆಂದು ನಿರೋಧ್ ಕೂಡ ಕೊಟ್ಟೆ.

ಒಂದು ಅಂಜಿಕೆ ಉಳಿದಿತ್ತು. “ಮುಟ್ಟು ಮುಂದ ಹೋದ್ರ ಅತ್ತಿ ಬಸುರಿ ಅಂತ ತಿಳೀತಾರ.” ಆಕೆ ಒಪ್ಪಿದ್ದರಿಂದ ಅತ್ತೆಯನ್ನು ಒಳಗೆ ಕರೆದು, ಈ ಗುಳಿಗೆಯಿಂದ ಮುಟ್ಟು ತಡವಾಗಬಹುದು, ಅನುಮಾನ ಬಂದರೆ ಆಶಾ ಅಕ್ಕನ ಹತ್ತಿರ ಪರೀಕ್ಷೆ ಮಾಡಿಸಿ ಎಂದೆ.

ಹೊರಡುವಾಗ ಅತ್ತೆ ಗುಳಿಗೆಯ ಪಟ್ಟಿ ತಿರುಗಿಸಿ ನೋಡಿದರು. “ಯಾವ ವಾರ ಅಂದ್ರೀ? ಸೋಮವಾರ, ಗುರುವಾರ ಏನು?”