ಎರಡೇ ಹೊಸ ಟೈರ್ ಕೊಳ್ಳುವುದಾದರೆ ಮುಂದಕ್ಕಾ, ಹಿಂದಕ್ಕಾ?

ಸಿಂಧನೂರಿನಿಂದ ನೀವು ಕೇಳಿದ್ದು ಇಷ್ಟು: ಕಾರಿನ ಮುಂದಿನ ಎರಡು ಟೈರ್ ಸವೆದಿವೆ, ಹಿಂದಿನವು ಅರ್ಧಕ್ಕರ್ಧ ಉಳಿದಿವೆ. ಎರಡನ್ನೇ ಬದಲಿಸಿದರೆ ನಡೆಯುತ್ತದಾ? ಬೇರೆ ಕಂಪನಿಯದು ಹಾಕಬಹುದಾ?

ನಡೆಯುತ್ತದೆ. ಆದರೆ ಹೊಸ ಎರಡನ್ನು ಹಿಂದೆ ಹಾಕಿಸಿ. ಈಗ ಹಿಂದೆ ಇರುವವು ಮುಂದಕ್ಕೆ ಬರಲಿ. ಅಂಗಡಿಯವರು ಬೇಡ ಅಂದರೂ ಬಿಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಬಳ್ಳಾರಿಯವನು. ಕೆಲವು ವರ್ಷಗಳ ಹಿಂದೆ ನಾನೂ ಎರಡೇ ಟೈರ್ ಕೊಂಡೆ. ಅಂಗಡಿಯವರು ಮುಂದೆ ಹಾಕಿ ಕೊಟ್ಟರು, ನಾನೂ ಸರಿ ಅಂದೆ. ಸ್ಟೀರಿಂಗ್‌ಗೆ ತಿರುಗುವುದು ಮುಂದಿನ ಚಕ್ರ, ಗಾಡಿ ಎಳೆಯುವುದು ಅದೇ, ಬ್ರೇಕ್ ಜಾಸ್ತಿ ಹಿಡಿಯುವುದೂ ಅಲ್ಲೇ. ಹೊಸದು ಅಲ್ಲೇ ಇರಬೇಕು ಅಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಬೇಸಿಗೆ ಮುಗಿಯುವವರೆಗೆ ಏನೂ ಆಗಲಿಲ್ಲ. ಮೊದಲ ಮಳೆಯ ದಿನ ಹೊಸಪೇಟೆಗೆ ಹೊರಟಿದ್ದೆವು, ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಮಗಳು. ಕುಡತಿನಿ ದಾಟಿ ತೋರಣಗಲ್ಲು ಕಡೆ ಹೋದವರಿಗೆ ಆ ರಸ್ತೆ ಗೊತ್ತು. ಅದಿರು ಲಾರಿಗಳ ಕೆಂಪು ಧೂಳು ಬೇಸಿಗೆ ಪೂರ್ತಿ ಡಾಂಬರಿನ ಮೇಲೆ ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಎಲ್ಲ ರಾಡಿ. ಒಂದು ಸಣ್ಣ ತಿರುವಿನಲ್ಲಿ ಮುಂದಿದ್ದ ಲಾರಿ ನಿಧಾನವಾಯಿತು. ನಾನು ಬ್ರೇಕ್ ಒತ್ತಿದೆ. ಮುಂದಿನ ಚಕ್ರಗಳು ರಸ್ತೆ ಹಿಡಿದವು, ಹಿಂಭಾಗ ಮಾತ್ರ ಪಕ್ಕಕ್ಕೆ ಜಾರಿತು. ಕಾರು ಅರ್ಧ ತಿರುಗಿ ರಸ್ತೆ ಬದಿಯ ಮಣ್ಣಿನಲ್ಲಿ ನಿಂತಿತು. ಆಗ ನಮ್ಮ ಹಿಂದೆ ಯಾವ ಗಾಡಿಯೂ ಇರಲಿಲ್ಲ. ಅವ್ವ ಹೊಸಪೇಟೆ ಮುಟ್ಟುವವರೆಗೂ ದುರ್ಗಮ್ಮನನ್ನು ನೆನೆಯುತ್ತಲೇ ಇದ್ದಳು.

ಟೈರಿನ ಮೇಲಿನ ಗೆರೆಗಳು ಇರುವುದೇ ನೀರನ್ನು ಹೊರಗೆ ದಬ್ಬಲು. ಹೊಸ ಕಾರ್ ಟೈರಿನಲ್ಲಿ ಅವು ಸುಮಾರು 8 ಮಿಲಿಮೀಟರ್ ಆಳ ಇರುತ್ತವೆ. 3ಕ್ಕೆ ಇಳಿದ ಟೈರ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ನೀರಿನ ಮೇಲೆ ಮಾತ್ರ ತೇಲಲು ಶುರು ಮಾಡುತ್ತದೆ. ಮುಂದಿನವು ತೇಲಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೀರಿಂಗ್ ಹಗುರಾಗುವುದು ಕೈಗೇ ಗೊತ್ತಾಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ಇಳಿದು ಬಹುತೇಕ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನವು ಜಾರಿದರೆ ಮುನ್ಸೂಚನೆಯೇ ಇಲ್ಲ. ಹೆದರಿ ಕಾಲು ತೆಗೆದರೆ, ಬ್ರೇಕ್ ಒತ್ತಿದರೆ, ಭಾರ ಮುಂದಕ್ಕೆ ಹೋಗಿ ಹಿಂಭಾಗ ಇನ್ನೂ ಹಗುರಾಗುತ್ತದೆ. ಆಗ ಕಾರು ಇನ್ನಷ್ಟು ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಅಭ್ಯಾಸ ನಮ್ಮ ನಿಮ್ಮಂಥವರಿಗೆ ಇರುವುದಿಲ್ಲ. ನಿಮ್ಮ ಕಡೆ ನಾಟಿ ಸಮಯದಲ್ಲಿ ಟ್ರಾಕ್ಟರ್ ಚಕ್ರಗಳಿಂದ ಎರೆ ಮಣ್ಣು ರಸ್ತೆಗೆ ಬೀಳುತ್ತದಲ್ಲ, ಅಲ್ಲಿಯೂ ಇದೇ ಕಥೆ.

ಹಾಗಂತ ಮುಂದೆ ಬೋಳು ಟೈರ್ ಇರಬಹುದು ಅಂತಲ್ಲ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ, 1.6 ಮಿಲಿಮೀಟರ್ ಎತ್ತರದವು. ಟೈರಿನ ಮೈ ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತು. ನಾನಾದರೆ ಮಳೆಗಾಲಕ್ಕೆ ಮುಂಚೆ 3ಕ್ಕಿಂತ ಕಡಿಮೆ ಇರುವುದನ್ನು ಇಟ್ಟುಕೊಳ್ಳುವುದಿಲ್ಲ.

ಕಂಪನಿ ವಿಷಯ. ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು ಇದ್ದರೆ ಓಡಿಸಬಹುದು. ಎಡಕ್ಕೊಂದು ಬಲಕ್ಕೊಂದು ಮಾತ್ರ ಬೇಡವೇ ಬೇಡ. ಒಂದು ಹೊಸದು, ಪಕ್ಕದ್ದು 5 ಮಿಲಿಮೀಟರ್ ಸವೆದದ್ದು ಅಂದುಕೊಳ್ಳಿ. ಎರಡರ ಅಡ್ಡಳತೆಯಲ್ಲಿ 10 ಮಿಲಿಮೀಟರ್ ವ್ಯತ್ಯಾಸ ಬಂತು. ಅಂದರೆ ಒಂದು ಸುತ್ತಿಗೆ ಸುಮಾರು 3 ಸೆಂಟಿಮೀಟರ್ ಹೆಚ್ಚುಕಡಿಮೆ. ಗಾಡಿ ಒಂದು ಕಡೆಗೆ ಎಳೆಯಬಹುದು, ಜೋರಾಗಿ ಬ್ರೇಕ್ ಹಾಕಿದಾಗ ಎರಡೂ ಕಡೆ ಒಂದೇ ಸಮ ಹಿಡಿಯುವುದಿಲ್ಲ. ಎಳೆಯುವ ಚಕ್ರಗಳಾದರೆ, ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಅಂದರೆ ಡಿಫರೆನ್ಷಿಯಲ್‌ಗೆ, ನೇರ ರಸ್ತೆಯಲ್ಲೂ ಬಿಡುವಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವುದರಿಂದ, ಅಳತೆ ಜಾಸ್ತಿ ತಪ್ಪಿದರೆ ಅದರ ಲೆಕ್ಕವೂ ತಪ್ಪುತ್ತದೆ.

ಸೈಜ್ ಬದಲಿಸಬೇಡಿ. ಟೈರಿನ ಪಕ್ಕದಲ್ಲಿ 185/65 ಆರ್15 88ಎಚ್ ಅಂತ ಇದ್ದರೆ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅದರ 65 ಶೇಕಡಾ, ರಿಮ್ 15 ಇಂಚು. 88 ಅಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. ನಾವು ಅಷ್ಟು ವೇಗದಲ್ಲಿ ಹೋಗುವುದಿಲ್ಲ, ನಿಜ. ಆದರೆ ಆ ಅಕ್ಷರ ಟೈರ್ ಎಷ್ಟು ಬಿಸಿ ತಾಳುತ್ತದೆ ಅನ್ನುವುದಕ್ಕೂ ಸಂಬಂಧಿಸಿದ್ದು. 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅದನ್ನು ಕಡಿಮೆ ಮಾಡಿಕೊಳ್ಳಬಾರದು. ಕಡಿಮೆ ರೇಟಿಗೆ ಸಿಗುತ್ತದೆ ಅಂತ ಸೆಕೆಂಡ್ ಹ್ಯಾಂಡ್ ಟೈರ್ ತರಬೇಡಿ, ಅದು ಹಿಂದೆ ಏನೇನು ಪೆಟ್ಟು ತಿಂದಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಇನ್ನು ಸ್ಟೆಪ್ನಿ. "ಅದು ಹೊಸದೇ ಇದೆಯಲ್ಲ, ಒಂದನ್ನೇ ಕೊಂಡರೆ ಜೋಡಿ ಆಯಿತು" ಅಂತ ಅಂಗಡಿಯಲ್ಲಿ ಹೇಳಬಹುದು. ಅದೇ ಸೈಜ್, ಅದೇ ಕಂಪನಿ, ಅದೇ ಡಿಸೈನ್ ಆಗಿದ್ದರೆ ಒಳ್ಳೆಯ ಉಪಾಯವೇ. ಮೊದಲು ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಡಿಕ್ಕಿಯ ಬಿಸಿಯಲ್ಲಿ ಸುಮ್ನೆ ಬಿದ್ದಿದ್ದರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಆರು ವರ್ಷ ದಾಟಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಎರಡೂ ಹೊಸದು ತಗೊಳ್ಳಿ. ಈಗಿನ ಕೆಲವು ಕಾರುಗಳಲ್ಲಿ ಬರುವ ಸಣ್ಣ ಸ್ಟೆಪ್ನಿಯಂತೂ ಪಂಕ್ಚರ್ ಅಂಗಡಿ ಮುಟ್ಟುವವರೆಗೆ ಮಾತ್ರ, ಅದೂ ಅದರ ಮೇಲೆ ಬರೆದ ವೇಗದ ಒಳಗೆ.

ಹಾಕಿಸಿದ ದಿನವೇ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿದ್ದಾಗ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುವಷ್ಟೇ ಹಿಡಿಸಿ. ನಿಮ್ಮ ಹಿಂದಿನ ಟೈರ್‌ಗಳ ಸೈಜ್ ಮತ್ತು ಆ ನಾಲ್ಕು ಅಂಕಿ ಇಲ್ಲಿ ಬರೆಯಿರಿ. ಅವು ಮುಂದೆ ಹಾಕಲು ಯೋಗ್ಯವೋ, ಇಲ್ಲ ನಾಲ್ಕನ್ನೂ ಬದಲಿಸಬೇಕೋ ನೋಡಿ ಹೇಳುತ್ತೇನೆ.