ಬೋರ್ಡ್ ಮೇಲೆ ಲೈಟ್ ಇದೆ, ಬಟನ್ ಒತ್ತಿದರೆ ಪಿಸಿ ಆನ್ ಆಗಲ್ಲ

ಪ್ರಶ್ನೆ: ಬಿಡಿಭಾಗ ತಂದು ನಾನೇ ಪಿಸಿ ಜೋಡಿಸಿದೆ. ಎಲ್ಲಾ ಹೊಸದು. ಮದರ್‌ಬೋರ್ಡ್ ಮೇಲೆ ಸಣ್ಣ ಲೈಟ್ ಉರಿಯುತ್ತದೆ, ಆದರೆ ಪವರ್ ಬಟನ್ ಒತ್ತಿದರೆ ಫ್ಯಾನ್ ಕೂಡ ಅಲುಗಾಡಲ್ಲ. ಅಂಗಡಿಯವರು ಬೋರ್ಡ್ ಹೋಗಿದೆ ಅಂತಾರೆ. ನಿಜವಾ ಸರ್?

ಉತ್ತರ: ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. ಆ ಲೈಟ್ ಹೇಳೋದು ಒಂದೇ ವಿಷಯ, ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿದೆ ಅಂತ. ಪಿಸಿ ಆಫ್ ಇದ್ದಾಗಲೂ ಅದು ಬರುತ್ತಲೇ ಇರುತ್ತದೆ. ಫ್ಯಾನ್, ಪ್ರಾಸೆಸರ್ ನಡೆಯೋದು 12 ವೋಲ್ಟ್‌ನಿಂದ, ಅದು ಶುರುವಾಗೋದು ಬಟನ್ ಒತ್ತಿ ಬೋರ್ಡ್ ಕೇಳಿದ ಮೇಲೆ. ಅಂದ್ರೆ ತೊಂದರೆ ಬಟನ್‌ನಲ್ಲಿರಬಹುದು, ಎಸ್‌ಎಂಪಿಎಸ್‌ನಲ್ಲಿರಬಹುದು, ಬೋರ್ಡ್‌ನಲ್ಲೂ ಇರಬಹುದು.

ಬಟನ್‌ನಿಂದ ಶುರು ಮಾಡಿ. ಹೊಸದಾಗಿ ಜೋಡಿಸಿದವರು ಜಾಸ್ತಿ ಎಡವೋದು ಇಲ್ಲೇ. ಕ್ಯಾಬಿನೆಟ್‌ನಿಂದ ಬರುವ ಪವರ್ ಸ್ವಿಚ್ ವೈರ್ ಬೋರ್ಡ್‌ನ ಅಂಚಿನಲ್ಲಿರುವ ಆ ಪುಟ್ಟ ಪಿನ್‌ಗಳ ಗುಂಪಿನಲ್ಲಿ ಒಂದು ಪಿನ್ ಆಚೀಚೆ ಕೂತರೂ ಸಾಕು, ಏನೂ ಆಗಲ್ಲ. ಮ್ಯಾನ್ಯುಯಲ್‌ನ ಚಿತ್ರ ನೋಡಿ ಸರಿಯಾದ ಎರಡು ಪಿನ್ ಹುಡುಕಿ, ವೈರ್ ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಂದು ಕ್ಷಣ ಸೇರಿಸಿ. ಶಾಕ್ ಹೊಡೆಯಲ್ಲ, ಅಲ್ಲಿರೋದು ತುಂಬಾ ಕಡಿಮೆ ವೋಲ್ಟೇಜ್. ಆನ್ ಆಯ್ತಾ? ಹಾಗಾದರೆ ತಪ್ಪಿರೋದು ವೈರ್ ಕೂರಿಸಿದ್ದರಲ್ಲಿ ಅಥವಾ ಬಟನ್‌ನಲ್ಲಿ. ಬಟನ್ನೇ ಕೆಟ್ಟಿದ್ದರೆ ರೀಸೆಟ್ ಬಟನ್‌ನ ವೈರನ್ನು ಅಲ್ಲಿಗೆ ಹಾಕಿಕೊಳ್ಳಿ, ಕೆಲಸ ನಡೆಯುತ್ತದೆ.

ಆಗಲಿಲ್ಲ ಅಂದ್ರೆ ಎಸ್‌ಎಂಪಿಎಸ್ ನೋಡಬೇಕು. ಗೋಡೆಯ ಸ್ವಿಚ್ ಆಫ್ ಮಾಡಿ, ಅದರ ಎಲ್ಲಾ ಕೇಬಲ್‌ಗಳನ್ನೂ ಬೋರ್ಡ್, ಕಾರ್ಡ್, ಡಿಸ್ಕ್‌ಗಳಿಂದ ಬಿಡಿಸಿ. 24 ಪಿನ್ ಕನೆಕ್ಟರ್‌ನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ. ಈಗಿನ ಕೇಬಲ್‌ಗಳು ಪೂರ್ತಿ ಕಪ್ಪು ಇರೋದೇ ಜಾಸ್ತಿ, ಅಂಥದ್ದಾದರೆ ಹಸಿರು ವೈರ್ ಇರಬೇಕಾದ 16ನೇ ಪಿನ್ ಯಾವುದು ಅಂತ ಚಿತ್ರ ನೋಡಿಯೇ ಮುಂದುವರಿಯಿರಿ. ಫ್ಯಾನ್ ತಿರುಗಲಿಲ್ಲ ಅಂತ ಸತ್ತಿದೆ ಅಂದುಕೊಳ್ಳಬೇಡಿ, ಕೆಲವು ಮಾಡೆಲ್‌ಗಳಲ್ಲಿ ಲೋಡ್ ಇಲ್ಲದಿದ್ದರೆ ಫ್ಯಾನ್ ನಿಂತೇ ಇರುತ್ತದೆ. ಮಲ್ಟಿಮೀಟರ್ ಇದ್ದರೆ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ ತೋರಿಸಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಅದೂ ಸರಿಯಿದ್ದರೆ, ಮತ್ತೆ ಸ್ವಿಚ್ ಆಫ್ ಮಾಡಿ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದರ ರಟ್ಟಿನ ಡಬ್ಬದ ಮೇಲಿಡಿ. ಚಿಕ್ಕ ಬೋರ್ಡನ್ನು ದೊಡ್ಡ ಕ್ಯಾಬಿನೆಟ್‌ಗೆ ಹಾಕಿದಾಗ ಬೇಡದ ಜಾಗದಲ್ಲಿ ಉಳಿದ ಒಂದು ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡ್ ಕೂರಿಸುವ ಸಣ್ಣ ಗೂಟ) ಹಿಂದಿನಿಂದ ತಾಗಿ ಶಾರ್ಟ್ ಆಗೋದುಂಟು. ಪ್ರಾಸೆಸರ್, ಕೂಲರ್, ಒಂದು ರ‍್ಯಾಮ್ ಸಾಕು. 24 ಪಿನ್ ಮತ್ತು ಪ್ರಾಸೆಸರ್‌ನ 8 ಪಿನ್ ಎರಡೂ ಹಾಕಿ, ಸ್ಕ್ರೂಡ್ರೈವರ್‌ನಿಂದಲೇ ಆನ್ ಮಾಡಿ ನೋಡಿ. ರ‍್ಯಾಮ್ ಕಿತ್ತು ರಬ್ಬರ್‌ನಲ್ಲಿ ಉಜ್ಜಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ. ರ‍್ಯಾಮ್ ಕೈಕೊಟ್ಟರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರಲ್ಲ ಅಷ್ಟೇ.

ಇಲ್ಲೂ ಅಲುಗಾಡದಿದ್ದರೆ ಬೋರ್ಡನ್ನು ಬಿಲ್ ಸಮೇತ ವಾರಂಟಿಗೆ ಕೊಡಿ. ಕೊಡುವ ಮೊದಲು ಪ್ರಾಸೆಸರ್ ಕೂರುವ ಸಾಕೆಟ್‌ನ ಫೋಟೊ ತೆಗೆದು, ಪ್ಲಾಸ್ಟಿಕ್ ಮುಚ್ಚಳ ಹಾಕಿಡಿ. ಪಿನ್ ಬಾಗಿದೆ ಅಂತ ವಾಪಸ್ ಕಳಿಸೋದು ಅಪರೂಪ ಏನಲ್ಲ.