ಡ್ರಾವೆ ಸಿಂಡ್ರೋಮ್ ಇರುವ ಮಗುವಿಗಾಗಿ ಊರಿನಲ್ಲಿ ಹಣ ಕೂಡಿಸಿ ಸಂಶೋಧನೆಗೆ ಕೊಡಬಹುದೇ?

ಚಿಂತಾಮಣಿಯಲ್ಲಿರುವ ನಿಮ್ಮ ಅಣ್ಣನ ಮಗುವಿಗೆ ಡ್ರಾವೆ ಸಿಂಡ್ರೋಮ್, ಅಂದರೆ ಹಸುಳೆ ವಯಸ್ಸಿನಲ್ಲೇ ಶುರುವಾಗಿ ಪದೇ ಪದೇ ಫಿಟ್ಸ್ ತರುವ ತೀವ್ರ ಅಪಸ್ಮಾರ, ಇರುವುದು ಈಗಷ್ಟೇ ಗೊತ್ತಾಗಿದೆ, ಊರಿನವರಿಂದ ಹಣ ಕೂಡಿಸಿ ಸಂಶೋಧನೆಗೆ ಕೊಡುವುದು ಸರಿಯೇ, ಮಗುವನ್ನೇ ಒಂದು ಅಧ್ಯಯನಕ್ಕೆ ಸೇರಿಸಬಹುದೇ ಎಂದು ಕೇಳಿದ್ದೀರಿ. ನಾವು ಶಿಡ್ಲಘಟ್ಟದವರು, ನನ್ನ ಮಗಳಿಗೂ ಇದೇ ಕಾಯಿಲೆ. ವೈದ್ಯಳಲ್ಲದ ತಾಯಿಯೊಬ್ಬಳ ಅಭಿಪ್ರಾಯವೆಂದೇ ಇದನ್ನು ಓದಿಕೊಳ್ಳಿ: ನಮ್ಮಂಥ ಊರುಗಳಿಂದ ಸಂಶೋಧನೆಗೆ ಮೊದಲು ಸಲ್ಲಬೇಕಾದದ್ದು ಹಣವಲ್ಲ, ಮಗುವಿನ ಸರಿಯಾದ ದಾಖಲೆ.

ಫ್ರಾನ್ಸಿನ ವೈದ್ಯೆ ಶಾರ್ಲೆಟ್ ಡ್ರಾವೆ 1978ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಎಸ್‌ಸಿಎನ್1ಎ ಎಂಬ ಜೀನಿನ ದೋಷವೇ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಲ್ಲಿ ಈ ದೋಷ ಸಿಗುತ್ತದೆ, ಮತ್ತು ಬಹುಪಾಲು ಅದು ತಂದೆ ತಾಯಿಯಿಂದ ಬಂದದ್ದಲ್ಲ, ಮಗುವಿನಲ್ಲಿ ಹೊಸದಾಗಿ ಉಂಟಾದದ್ದು. ನಮ್ಮ ಕಡೆ ಸೋದರಮಾವನ ಜೊತೆ ಮದುವೆಯಾದವರ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ನೆಂಟರೆಲ್ಲ ಆ ಮದುವೆಯ ಕಡೆಗೇ ಬೆರಳು ತೋರಿಸುತ್ತಾರೆ. ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಈ ಕಾಯಿಲೆ ಬರುವುದರಿಂದ, ಸಾಮಾನ್ಯವಾಗಿ ಆ ಆರೋಪಕ್ಕೆ ಇಲ್ಲಿ ಆಧಾರವಿಲ್ಲ. ನಿಮ್ಮ ಅತ್ತಿಗೆಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಇನ್ನು ದಾಖಲೆಯ ಮಾತು. ನಮ್ಮ ಮನೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಕ್ಕೆ ಗೆರೆ ಎಳೆದು, ಫಿಟ್ಸ್ ಬಂದ ಗಂಟೆ, ಆಗ ಇದ್ದ ಜ್ವರ, ಸ್ನಾನವಾಗಿತ್ತೇ, ಸೆಳೆತ ಎಡಗಡೆಯೋ ಬಲಗಡೆಯೋ, ಎಷ್ಟು ನಿಮಿಷ, ಸೆಳೆತ ನಿಲ್ಲಿಸುವ ಮಿಡಜೋಲಮ್ ಸ್ಪ್ರೇಯನ್ನು ಮೂಗಿಗೆ ಹೊಡೆದದ್ದು ಯಾವಾಗ ಎಂದು ಬರೆಯುತ್ತೇವೆ. ನಾನು ಸ್ಪ್ರೇ ಹಿಡಿದಿರುವಾಗ ಫೋನಿನಲ್ಲಿ ವಿಡಿಯೊ ತೆಗೆಯುವ ಕೆಲಸ ನಮ್ಮ ಅತ್ತೆಯದು. ಅವರ ಕೈ ನನ್ನ ಕೈಗಿಂತ ನಿಶ್ಚಲ. ಒಮ್ಮೆ ಒಂದು ಕಡೆ, ಇನ್ನೊಮ್ಮೆ ಮತ್ತೊಂದು ಕಡೆ ಸೆಳೆಯುವುದು ಈ ಕಾಯಿಲೆಯ ಮುಖ್ಯ ಸುಳಿವುಗಳಲ್ಲಿ ಒಂದು. ಸ್ನಾನದ ವಿಷಯವೂ ಅಷ್ಟೇ ಮುಖ್ಯ, ಏಕೆಂದರೆ ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಬೇರೊಂದು ಬಗೆಯ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಡ್ರಾವೆಯಲ್ಲಾದರೋ ಮೈಯ ಶಾಖ ಏರುವುದೇ ತೊಂದರೆ. ಬರೆದಿಟ್ಟದ್ದಿದ್ದರೆ ವೈದ್ಯರಿಗೆ ಎರಡನ್ನೂ ಬೇರ್ಪಡಿಸಲು ಸುಲಭ.

ಒಂದು ಮಗುವಿನ ಪುಸ್ತಕದಿಂದ ಏನಾದೀತು ಎನ್ನಬೇಡಿ. ಲ್ಯಾಮೊಟ್ರಿಜಿನ್ ಮಾತ್ರೆ ಈ ಮಕ್ಕಳಲ್ಲಿ ಸೆಳೆತವನ್ನು ಹೆಚ್ಚಿಸುತ್ತದೆ ಎಂದು 1998ರಲ್ಲಿ ತೋರಿಸಿದ ಅಧ್ಯಯನದಲ್ಲಿ ಇದ್ದವರು ಕೇವಲ 21 ಮಂದಿ. ಬೇರೆ ಅಪಸ್ಮಾರಗಳಿಗೆ ಧಾರಾಳವಾಗಿ ಬರೆಯುವ ಕಾರ್ಬಮಜೆಪಿನ್ ಕೂಡ ಇವರಿಗೆ ಆಗಿಬರುವುದಿಲ್ಲ. ಮಗು ಇವೆರಡರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ ನರರೋಗ ತಜ್ಞರನ್ನು ಬೇಗ ಕೇಳಿ.

ಅಧ್ಯಯನಗಳೆಲ್ಲ ಒಂದೇ ಅಲ್ಲ. ದಾಖಲೆ ಮತ್ತು ಜೀನ್ ವರದಿಯನ್ನಷ್ಟೇ ಪಡೆಯುವ ನೋಂದಣಿಯಲ್ಲಿ ಮಗುವಿನ ಚಿಕಿತ್ಸೆ ಬದಲಾಗುವುದಿಲ್ಲ; ಅಲ್ಲಿ ಕೇಳಬೇಕಾದದ್ದು ಹೆಸರು, ವಿಳಾಸಗಳು ಗೋಪ್ಯವಾಗಿ ಉಳಿಯುತ್ತವೆಯೇ ಎಂಬುದು. ಹೊಸ ಔಷಧಿಯ ಪ್ರಯೋಗವಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಿರಬೇಕು. 2009ರಿಂದ ಇದು ಕಡ್ಡಾಯ. ಪ್ರಯೋಗಕ್ಕೆ ಒಳಗಾಗುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರಬೇಕು, ಸಮ್ಮತಿ ಪತ್ರ ನಿಮ್ಮ ಅಣ್ಣನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಮಧ್ಯದಲ್ಲಿ ಹೊರಬಂದರೂ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು. ಪ್ರಯೋಗಕ್ಕೆ ಸೇರಿಸಲು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಣ ಕೂಡಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಮಗುವಿನ ಔಷಧಿಗೆಂದು ಬಂದದ್ದು ಬೇರೆ, ಸಂಶೋಧನೆಗೆಂದು ಬಂದದ್ದು ಬೇರೆ. ರಸೀದಿ ಪುಸ್ತಕವೂ ಎರಡಿರಲಿ, ಬ್ಯಾಂಕ್ ಖಾತೆಯೂ ಎರಡಿರಲಿ. ಹಾಲಿನ ಡೈರಿಯಲ್ಲಿ ನೂರು ರೂಪಾಯಿ ಕೊಡುವವರು ಆ ಮಗುವಿನ ಮುಖ ನೆನೆದು ಕೊಡುತ್ತಾರೆ, ಸಂಶೋಧನೆಯ ಫಲ ಆ ಮಗುವಿಗೆ ಸಿಗದೆಯೂ ಹೋಗಬಹುದು ಎಂಬುದನ್ನು ಕೊಡುವ ಮೊದಲೇ ಅವರಿಗೆ ಹೇಳಬೇಕು. ಸಂಶೋಧನೆಯ ಹಣವನ್ನು ಯಾರೊಬ್ಬರ ಫೋನ್ ಪೇಗೂ ಹಾಕಿಸಬೇಡಿ, ನೋಂದಾಯಿತ ಟ್ರಸ್ಟಿನ ಖಾತೆಗೇ ಹೋಗಲಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಟ್ರಸ್ಟಿಗೆ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಸಿಗುವುದಿಲ್ಲ. ಸೆಳೆತ ಬಂದ ಮಗುವಿನ ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಹರಿಬಿಟ್ಟು ಹಣ ಕೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ವಿಡಿಯೊ ವೈದ್ಯರಿಗಾಗಿ ತೆಗೆದದ್ದು.

ಕೂಡಿದ ಹಣ ಸಣ್ಣದಾದರೆ, ತಂದೆ ತಾಯಿಯ ಜೀನ್ ಪರೀಕ್ಷೆಗೆ ಬಳಸಿ ಎನ್ನುತ್ತೇನೆ. ಮಗುವಿನ ವರದಿಯ ಅರ್ಥವೂ ಅದರಿಂದ ಸ್ಪಷ್ಟವಾಗುತ್ತದೆ, ಅಧ್ಯಯನ ಮಾಡುವವರಿಗೂ ಅದು ಬೇಕಾಗುತ್ತದೆ. ಅಪರೂಪಕ್ಕೆ ತಂದೆ ಅಥವಾ ತಾಯಿಯ ಕೆಲವು ಜೀವಕೋಶಗಳಲ್ಲಿ ಮಾತ್ರ ಈ ದೋಷ ಅಡಗಿದ್ದು, ಮುಂದಿನ ಮಗುವಿಗೂ ದಾಟುವುದುಂಟು. ಹಾಗಾಗಿ ನಿಮ್ಮ ಅಣ್ಣ ಅತ್ತಿಗೆಗೆ ಇನ್ನೊಂದು ಮಗುವಿನ ಯೋಚನೆ ಇದ್ದರೆ, ಉಳಿದೆಲ್ಲಕ್ಕಿಂತ ಮೊದಲು ಜೀನ್ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಒಬ್ಬರ ಬಳಿ ಕೂತು ಮಾತಾಡಲಿ.